ಮದ್ದಿನ ಮನೆಯ ಕಾವಲು

ಮದ್ದಿನ ಮನೆ ಎಂದರೆ ಔಷಧಿ ಇಡುತ್ತಿದ್ದ ಮನೆಯೇ ಎಂದು ನಮ್ಮ ಸಾಹೇಬರು ಕೇಳಿದಾಗ ನಾನು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಹಳೆಯ ಕೋಟೆ ಕೊತ್ತಳಗಳನ್ನು ಕಾಪಾಡುವುದಕ್ಕೆಂದೇ ಇರುವ ಇಲಾಖೆಯಲ್ಲಿ, ನನ್ನ ಮೇಲೆ ಕುಳಿತು ಹುಕುಂ ಕೊಡುತ್ತಿದ್ದ ಮನುಷ್ಯ ಅವರು.

"ಅಲ್ಲ ಸರ್, ಕೋವಿಮದ್ದು. ಫಿರಂಗಿಗೆ ತುಂಬೋ ಸಿಡಿಮದ್ದು. ಅದನ್ನ ಇಡೋಕೆ ಕಟ್ಟಿದ ಗೋಪುರ ಇದು," ಎಂದೆ.

"ಸರಿ ಸರಿ," ಎಂದರು. ಕೆಲವು ತಿಂಗಳಲ್ಲಿ ಬೆಂಗಳೂರಿನಿಂದ ಹೊಸ ಬೋರ್ಡು ಬಂತು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ. 'ಪುರಾತನ ಔಷಧಾಲಯ.'

ನಗು ಬರುತ್ತದೆಯೇ? ನನಗೂ ಒಂದು ವಾರ ನಗು ಬಂತು. ಆಮೇಲೆ ಜನ ಗೋಡೆ ಕೆರೆಯತೊಡಗಿದರು. ಅಲ್ಲಿನ ಹಳೆಯ ಗಾರೆಯಲ್ಲಿ ಮಂಡಿನೋವಿಗೆ ಗುಣ ಉಂಟಂತೆ ಎಂದು ಯಾರೋ ಹಬ್ಬಿಸಿದರು. ಸರ್ಕಾರವೇ ಔಷಧಾಲಯ ಎಂದು ಬರೆಸಿದ ಮೇಲೆ ನಂಬದೆ ಏನು ಮಾಡುತ್ತಾರೆ? ಚಮಚದಲ್ಲಿ, ಕೀಲಿಕೈಯಲ್ಲಿ, ಉಗುರಿನಲ್ಲಿ ಕೆರೆದು ಪೊಟ್ಟಣ ಕಟ್ಟಿಕೊಂಡು ಹೋದರು. ನೂರಾರು ವರ್ಷ ಮಳೆ ಬಿಸಿಲಿಗೆ ಅಲುಗದ ಗಾರೆ ಆಳೆತ್ತರದವರೆಗೆ ಬೋಳಾಯಿತು. ಬೋರ್ಡು ಬದಲಾಯಿಸಿ ಎಂದು ನಾನು ಕೇಳಿದಾಗಲೆಲ್ಲ ಸಾಹೇಬರದು ಒಂದೇ ಉತ್ತರ. "ಬೋರ್ಡು ಉದ್ಘಾಟನೆ ಆಗೋಗಿದೆಯಲ್ಲ."

ಮೊನ್ನೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ದೊಡ್ಡಮಳೂರಿನ ದಾರಿಯಲ್ಲಿರುವ ನನ್ನ ಮನೆಗೆ ಬಂದಿದ್ದರು. ಕೆಲಸ ಹೇಗಿರುತ್ತೆ ಮೇಡಂ ಎಂದು ಕೇಳಿದರು. ಕಾಫಿ ಕೊಟ್ಟು, ಚೆನ್ನಾಗಿರುತ್ತಮ್ಮ ಎಂದು ಕಳಿಸಿಬಿಟ್ಟೆ. ಅವರು ಗೇಟು ದಾಟಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರಿಗೆ ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ.

ಸಿವಿಲ್ ಡಿಪ್ಲೊಮಾ ಮುಗಿಸಿ ಸಂರಕ್ಷಣಾ ಸಹಾಯಕಿ ಎಂಬ ಹೆಸರಿನಲ್ಲಿ ಕೆಲಸಕ್ಕೆ ಸೇರಿದವಳು ನಾನು. ರಾಮನಗರದ ಗುಡ್ಡಗಳು, ಮಾಗಡಿ ಕಡೆಯ ದುರ್ಗಗಳು, ಕನಕಪುರ ತಾಲ್ಲೂಕಿನ ಬೆಟ್ಟಗಳ ಮೇಲಿನ ಮುರುಕು ಗೋಡೆಗಳು, ಇವುಗಳ ನಡುವೆ ಸರ್ಕಾರಿ ಬಸ್ಸಿನಲ್ಲಿ ಓಡಾಡುವುದೇ ನನ್ನ ನೌಕರಿಯಾಗಿತ್ತು. ಆ ಕಡೆಯ ಕೋಟೆಗಳಲ್ಲಿ ನಾನು ಅನೇಕ ಮದ್ದಿನ ಮನೆಗಳನ್ನು ನೋಡಿದ್ದೇನೆ. ಈಗ ಹೇಳುವುದು ಸಾತನೂರಿನಿಂದ ದೊಡ್ಡಆಲಹಳ್ಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಒಂದರ ಕಥೆ. ಔಷಧಾಲಯದ ಬೋರ್ಡು ಹಾಕಿದ್ದೂ ಅದಕ್ಕೇ. ಊರಿನ ಹೆಸರು ಬರೆಯುವುದಿಲ್ಲ. ಆ ಜನ ಇನ್ನೂ ಅಲ್ಲೇ ಬದುಕಬೇಕು.

ಊರಿನ ಮೇಲೆ ಗುಡ್ಡ, ಗುಡ್ಡದ ತುದಿಯಲ್ಲಿ ಪಾಳೇಗಾರರ ಕಾಲದ ಕೋಟೆ. ಮದ್ದಿನ ಮನೆ ಮಾತ್ರ ಕೋಟೆಯಿಂದ ದೂರ, ಇಳಿಜಾರಿನಲ್ಲಿ ಒಂಟಿಯಾಗಿ ನಿಂತಿದೆ. ಸಿಡಿದರೆ ಅದೊಂದೇ ಹೋಗಲಿ, ಕೋಟೆಯ ಜನ ಉಳಿಯಲಿ ಎಂಬ ಲೆಕ್ಕ. ದುಂಡನೆಯ ಗೋಪುರ, ನಾನು ಕೈ ಚಾಚಿದರೂ ಸಾಲದಷ್ಟು ದಪ್ಪ ಗೋಡೆ, ಮೇಲೆ ಇಟ್ಟಿಗೆಯ ಗುಮ್ಮಟ. ಕಿಟಕಿ ಇಲ್ಲ, ಗಾಳಿಕಿಂಡಿಗಳಿವೆ. ಅವು ಗೋಡೆಯೊಳಗೆ ನೇರವಾಗಿ ಹೋಗದೆ ಮೊಣಕೈಯ ಹಾಗೆ ಬಾಗಿ ಒಳಗೆ ತೆರೆಯುತ್ತವೆ. ಗಾಳಿ ಒಳಕ್ಕೆ ಬರುತ್ತದೆ, ಕಿಡಿ ಬರುವುದಿಲ್ಲ. ಮೊದಲ ಸಲ ಒಳಗೆ ನಿಂತಾಗ ಹೊರಗೆ ಸುಡುಬಿಸಿಲು. ಒಳಗೆ ನೆಲ ತಣ್ಣಗೆ, ಒಣಗಿ, ಗಾಳಿ ಮೆಲ್ಲಗೆ ಕುತ್ತಿಗೆಗೆ ಸೋಕುತ್ತಿತ್ತು. ಇದನ್ನು ಕಟ್ಟಿದವರ ಮೇಲೆ ಅವತ್ತು ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಅಲ್ಲಿನ ಕಾವಲುಗಾರ ಸಿದ್ದೇಗೌಡ. ಅದೇ ಊರಿನ ಒಕ್ಕಲು. ಒಂದಿಷ್ಟು ಹಿಪ್ಪುನೇರಳೆ, ಎರಡು ಸೀಮೆಹಸು, ಜೊತೆಗೆ ನಮ್ಮ ಇಲಾಖೆಯ ದಿನಗೂಲಿ. ಹೆಚ್ಚು ಮಾತಿಲ್ಲದ ಮನುಷ್ಯ. ಮಾತೆಲ್ಲ ಅವರ ಹೆಂಡತಿ ಕೆಂಪಮ್ಮನದು. ನಾನು ಹೋದ ದಿನವೆಲ್ಲ ನನಗೂ ಸೇರಿಸಿ ಬುತ್ತಿ ಕಟ್ಟಿ ತರುತ್ತಿದ್ದಳು. "ಬಸ್ನಾಗೆ ಬಂದಿದೀರ, ಒಸಿ ಉಣ್ಣಿ ಅಮ್ಮಾರೆ," ಎಂದು ಬಂಡೆಯ ಮೇಲೆ ಮುದ್ದೆ ಬಡಿಸಿಕೊಟ್ಟವಳು.

ಒಂದು ಸಲ ನಿಧಿ ಹುಡುಕುವವರು ನುಗ್ಗಿದ್ದರು. ಸಿದ್ದೇಗೌಡ ಬೆಳಿಗ್ಗೆ ಬಂದು ನೋಡುವಷ್ಟರಲ್ಲಿ ನೆಲದ ನಡುವೆ ಗುಂಡಿ, ಸುತ್ತ ಕುಂಕುಮ, ಕೊಯ್ದ ನಿಂಬೆಹಣ್ಣು. ಮದ್ದು ಒದ್ದೆಯಾಗದಿರಲಿ ಎಂದು ಕಟ್ಟಿದವರು ನೆಲದ ಕೆಳಗೆ ಇದ್ದಿಲು ಮತ್ತು ಮರಳಿನ ಪದರ ಹಾಕಿದ್ದರು. ಆ ಪದರವನ್ನೆಲ್ಲ ಬಗೆದು ಹೊರಗೆ ಚೆಲ್ಲಿದ್ದರು. ಇಂಥವರನ್ನು ಹಿಡಿಯಿರಿ ಎಂದರೆ ಸಾಹೇಬರು, "ಏನಾದರೂ ಸಿಕ್ಕಿತ್ತಾ ಅವರಿಗೆ?" ಎಂದು ಕೇಳಿದರು. ನೆಲ ಹೋದದ್ದು ಅವರಿಗೆ ಮುಖ್ಯವಾಗಲಿಲ್ಲ.

ಅದನ್ನು ಸರಿಮಾಡುವ ಹೊತ್ತಿಗೆ ಬಂದದ್ದು ಸಿಮೆಂಟು. ನಾನು ಸೇರಿದ ಹೊಸದರಲ್ಲಿ ನಾವು ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕುತ್ತಿದ್ದೆವು. ಎತ್ತು ಕಟ್ಟಿದ ಗಾಣದಲ್ಲಿ ಮರಳಿನ ಜೊತೆ ಅರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಗಾರೆ ಮಾಡುತ್ತಿದ್ದೆವು. ನಿಧಾನದ ಕೆಲಸ. ಅವಸರ ಮಾಡಿದರೆ ಬಿರಿಯುತ್ತದೆ. ಸಾಹೇಬರಿಗೆ ನಿಧಾನ ಎಂದರೆ ಆಗದು. ಯಾರೋ ದೊಡ್ಡವರು ಗುಡ್ಡ ನೋಡಲು ಬರುತ್ತಾರೆ ಎಂದು ಗೊತ್ತಾದದ್ದೇ ತಡ, ಕಂಟ್ರಾಕ್ಟರ್ ಲಾರಿಯಲ್ಲಿ ಸಿಮೆಂಟ್ ಇಳಿಸಿದ.

"ಸರ್, ಇದು ಉಸಿರಾಡೋ ಗೋಡೆ. ಸಿಮೆಂಟ್ ಬಳಿದರೆ ತೇವ ಒಳಗೇ ಕೂತುಕೊಳ್ಳುತ್ತೆ, ಕಲ್ಲು ಹೊರಕ್ಕೆ ಉಬ್ಬುತ್ತೆ," ಎಂದೆ.

"ಗೋಡೆ ಉಸಿರಾಡುತ್ತಾ? ಮೂಗು ಎಲ್ಲಿದೆ ತೋರಿಸಿ," ಎಂದು ಕಂಟ್ರಾಕ್ಟರ್ ಕಡೆ ನೋಡಿ ನಕ್ಕರು.

ನಾನು ಗಾಳಿಕಿಂಡಿ ತೋರಿಸಿದೆ. ಅವರು ಮೂಗು ಮುಚ್ಚಿಕೊಂಡರು. ಒಳಗೆ ಬಾವಲಿ ಸೇರಿ ಗಬ್ಬು ನಾರುತ್ತಿತ್ತು. "ಇವನ್ನೂ ಮುಚ್ಚಿಸಿ," ಎಂದು ಹೇಳಿ ಜೀಪು ಹತ್ತಿದರು. ಕಿಂಡಿಗಳಿಗೆ ಸಿಮೆಂಟ್ ಮೆತ್ತಿದರು. ರಾತ್ರಿ ಹೊತ್ತು ಗೋಪುರ ಹೊಳೆಯಲಿ ಎಂದು ಗೋಡೆ ಕೊರೆದು ವೈರು ಎಳೆದು ದೀಪ ಹಾಕಿದರು. ಹಳೆಯ ಮರದ ಬಾಗಿಲು ಕಿತ್ತು ಕಬ್ಬಿಣದ ಬಾಗಿಲು ನಿಲ್ಲಿಸಿದರು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ ಹಾರಬಾರದೆಂದು ಕಟ್ಟಿದವರು ಒಂದು ಮೊಳೆಯನ್ನೂ ಬಳಸದಿದ್ದ ಕಟ್ಟಡ ಅದು. ಬರಬೇಕಾಗಿದ್ದ ದೊಡ್ಡವರು ಬರಲೂ ಇಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೋಡೆ ಬೆವರತೊಡಗಿತು. ಹೊಸಬರೇ, ಸ್ಮಾರಕಗಳನ್ನು ಶತ್ರುಗಳು ಹಾಳುಮಾಡಿದರು ಎಂದು ನೀವು ಪುಸ್ತಕದಲ್ಲಿ ಓದಿರುತ್ತೀರಿ. ನಾನು ಕಣ್ಣಾರೆ ಕಂಡದ್ದು ಟೆಂಡರುಗಳು ಹಾಳುಮಾಡಿದ್ದನ್ನು.

ಇದೆಲ್ಲ ಸಿಟ್ಟಿನ ಸಣ್ಣ ಸಣ್ಣ ಕಂತುಗಳು. ದೊಡ್ಡದು ಇನ್ನು ಮುಂದಿದೆ.

ಗುಡ್ಡದ ಹಿಂಬದಿಯಲ್ಲಿ ಒಂದು ಕಲ್ಲು ಕ್ವಾರಿ ಶುರುವಾಯಿತು. ಸ್ಮಾರಕದ ಹತ್ತಿರ ಕಲ್ಲು ಸಿಡಿಸಬಾರದು ಎಂದು ಕಾನೂನಿದೆ. ಹತ್ತಿರ ಎಂದರೆ ಎಷ್ಟು ಹತ್ತಿರ ಎಂಬುದನ್ನು ಅಳೆಯುವವರ ಟೇಪು ಕ್ವಾರಿಯವರ ಮನೆಯಿಂದಲೇ ಬಂದಿತ್ತು ಎಂದು ಕಾಣುತ್ತದೆ. ನಾನು ವರದಿ ಬರೆದೆ. ಪರಿಶೀಲಿಸಲಾಗುತ್ತಿದೆ ಎಂದರು.

ಒಂದು ಶುಕ್ರವಾರ ನಾನು ಗುಡ್ಡ ಹತ್ತಿದೆ. ಸೋಮವಾರ ಸಾತನೂರು ಕಡೆಯ ಒಂದು ಶಾಲೆಯ ಮಕ್ಕಳು ಕೋಟೆ ನೋಡಲು ಬರುವುದಿತ್ತು. ಏರ್ಪಾಡು ಮಾಡಿದವಳು ನಾನೇ. ಮದ್ದಿನ ಮನೆಯ ಒಳಗೆ ಕಸ ತೆಗೆಸಬೇಕು ಎಂದುಕೊಂಡು ಹೋದರೆ ಬಾಗಿಲಿಗೆ ನಮ್ಮದಲ್ಲದ ಹೊಸ ಬೀಗ. ಮೆಟ್ಟಿಲ ಮೇಲೆ ಇಬ್ಬರು ಕೂಲಿಯವರು ಬೀಡಿ ಸೇದುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ಹೋದರು.

"ಯಾರದು ಸಿದ್ದೇಗೌಡ್ರೇ ಈ ಬೀಗ?"

ಅವರು ನನ್ನ ಮುಖ ನೋಡಲಿಲ್ಲ. "ಒಳೀಕೆ ಆವು ಸೇರ್ಕೊಂಡೈತೆ ಅಮ್ಮಾರೆ. ಅದ್ಕೆ ಆಕಿವ್ನಿ."

ಹಾವು ಸೇರಿದ್ದಕ್ಕೆ ಯಾರಾದರೂ ಹೊಸ ಬೀಗ ಹಾಕುತ್ತಾರೆಯೇ? ನಾನು ಮತ್ತೆ ಕೇಳುವಷ್ಟರಲ್ಲಿ ಕೆಂಪಮ್ಮ ಬುತ್ತಿ ಹೊತ್ತು ಮೇಲೆ ಬಂದಳು. ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬುತ್ತಿ ಕೆಳಗಿಟ್ಟಳು.

"ಆವೂ ಇಲ್ಲ, ಚೇಳೂ ಇಲ್ಲ ಕಣಮ್ಮ. ಕ್ವಾರಿಯೋರು ಮದ್ದು ಮಡಗವ್ರೆ ಒಳೀಕೆ. ಇವ್ರು ಬಾಯಿ ಮುಚ್ಕೊಂಡವ್ರೆ."

"ಕೆಂಪಿ," ಎಂದರು ಸಿದ್ದೇಗೌಡ.

"ಏನು ಕೆಂಪಿ? ಮನೆ ಇರೋದು ಕೆಳಗೆ. ಸಿಡಿದ್ರೆ ಮೊದ್ಲು ಓಗೋದು ನಾವು."

ಬಾಗಿಲ ಸಂದಿಗೆ ಕಣ್ಣಿಟ್ಟು ಮೊಬೈಲಿನ ಬೆಳಕು ಬಿಟ್ಟೆ. ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಒಂದರ ಬಾಯಿ ತೆರೆದಿತ್ತು. ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಗಳು. ಅವುಗಳ ಮೇಲೆಯೇ, ಅವನ್ನು ಹೊತ್ತಿಸುವ ಕೇಪುಗಳ ಕಟ್ಟು. ಈ ಎರಡನ್ನು ಒಂದೇ ಕೋಣೆಯಲ್ಲಿ ಇಡಬಾರದು ಎಂಬುದು ಆ ಕಸುಬಿನ ಮೊದಲ ಪಾಠ. ಪಕ್ಕದ ಬೆವರುವ ಗೋಡೆಯಲ್ಲಿ ನಮ್ಮ ದೀಪದ ವೈರು, ಸುತ್ತಿದ ಟೇಪು ಬಿಚ್ಚಿ ಜೋತುಬಿದ್ದಿತ್ತು. ಗಾಳಿಯಾಡುವ ಕಿಂಡಿಗಳೆಲ್ಲ ಮುಚ್ಚಿದ್ದವು. ಸೋಮವಾರ ಮಕ್ಕಳು ಇದೇ ಮೆಟ್ಟಿಲ ಮೇಲೆ ಕೂತು ತಿಂಡಿ ತಿನ್ನುವವರಿದ್ದರು.

"ಕೀಲಿ ಯಾಕೆ ಕೊಟ್ರಿ?"

"ನಿಮ್ ಸಾಯೇಬ್ರೇ ಪೋನ್ ಮಾಡಿ ಏಳುದ್ರು. ಒಸಿ ದಿನ ಸಾಮಾನು ಮಡಗ್ತಾರೆ, ಕೊಡು ಅಂದ್ರು. ದಿನಗೂಲಿಯೋನು ನಾನು. ಎಂಗೆ ಇಲ್ಲ ಅನ್ನಾನ?"

ಅಲ್ಲೇ ನಿಂತು ಸಾಹೇಬರಿಗೆ ಫೋನ್ ಮಾಡಿದೆ. ಅವರು ಕೊಟ್ಟ ಉತ್ತರವನ್ನು ಒಂದಕ್ಷರವೂ ಬಿಡದೆ ಬರೆಯಬಲ್ಲೆ. "ಅಲ್ಲಮ್ಮ, ಮದ್ದಿನ ಮನೆಯಲ್ಲಿ ಮದ್ದು ತಾನೇ ಇಟ್ಟಿರೋದು? ಕಟ್ಟಿದ ಉದ್ದೇಶಕ್ಕೇ ಉಪಯೋಗ ಆಗ್ತಾ ಇದೆ. ನೀವೇ ಅಲ್ವಾ ನನಗೆ ಅರ್ಥ ಹೇಳಿಕೊಟ್ಟಿದ್ದು?" ಎಂದು ನಕ್ಕು ಫೋನ್ ಇಟ್ಟರು.

ಸ್ಟೇಷನ್ನಿಗೆ ಹೋದೆ. ನಿಮ್ಮ ಮೇಲಧಿಕಾರಿಯಿಂದ ದೂರು ತನ್ನಿ ಎಂದರು. ಮೇಲಧಿಕಾರಿಯ ಮೇಲೆಯೇ ದೂರು ಎಂದೆ. ಹಾಗಾದರೆ ಅವರಿಗಿಂತ ಮೇಲಿನವರಿಂದ ತನ್ನಿ ಎಂದರು. ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರು ಮೀಟಿಂಗಿನಲ್ಲಿದ್ದಾರೆ ಎಂದರು. ಶಾಲೆಗೆ ಫೋನ್ ಮಾಡಿ ಸೋಮವಾರ ಬರಬೇಡಿ ಎಂದು ಹೇಳಿದೆ. ಆ ಒಂದು ಕೆಲಸ ಮಾತ್ರ ನನ್ನ ಕೈಯಲ್ಲಿತ್ತು.

ಉಳಿದದ್ದನ್ನು ಮಾಡಿದವಳು ಕೆಂಪಮ್ಮ. ಶನಿವಾರ ಬೆಳಿಗ್ಗೆ ನಾನು ಮತ್ತೆ ಹೋದಾಗ ಗುಡ್ಡಕ್ಕೆ ಹತ್ತುವ ಗಾಡಿದಾರಿಯ ಉದ್ದಕ್ಕೂ ಹಸುಗಳು. ಡೈರಿಗೆ ಹಾಲು ಹಾಕಿ ಬಂದ ಹೆಂಗಸರು ತಮ್ಮ ತಮ್ಮ ಹಸುಗಳನ್ನು ತಂದು, ದಾರಿಯ ಎರಡೂ ಬದಿ ಗೂಟ ಬಡಿದು ಅಡ್ಡಲಾಗಿ ಕಟ್ಟಿದ್ದರು. ಮುಂದೆ ಹಸಿಹುಲ್ಲು ಹಾಕಿದ್ದರು. ಮೇಲಿಂದ ಕಡ್ಡಿ ತರಲಾಗದೆ ಕ್ವಾರಿಯ ಕೆಲಸ ನಿಂತಿತು. ಸ್ವಲ್ಪ ಹೊತ್ತಿಗೆ ಅಲ್ಲಿನ ಮ್ಯಾನೇಜರ್ ಜೀಪಿನಲ್ಲಿ ಬಂದ.

"ಹಸ ಬಿಚ್ರಮ್ಮ, ದಾರಿ ಬಿಡ್ರಿ."

"ಮೇಯ್ತಾ ಅವೆ. ಮೇಯ್ಲಿ," ಎಂದಳು ಕೆಂಪಮ್ಮ.

"ದಾರಿ ಬಿಟ್ರೆ ತಾನೇ ನಾವು ಅದನ್ನ ತಗೊಂಡು ಹೋಗೋದು?"

"ಎಲ್ಲಾನೂ ಒಂದೇ ಸಲಕ್ಕೆ ತಗೊಂಡೋಗಾಕೆ ಸರ್ಕಾರದೋರ ಗಾಡಿ ಬರ್ಲಿ, ಬಿಚ್ತೀವಿ. ದಿನಾ ಒಸೊಸಿ ಒತ್ಕೊಂಡೋಗಿ ಮತ್ತೆ ತುಂಬಾಕೆ ಬರೋ ನಿನ್ ಗಾಡಿಗೆ ಬಿಚ್ಚಾಕಿಲ್ಲ."

ಅವನು ನನ್ನ ಕಡೆ ತಿರುಗಿದ. "ಮೇಡಂ, ನೀವು ಗೌರ್ಮೆಂಟ್ ಸರ್ವೆಂಟು. ಇವರನ್ನ ಎತ್ತಿಕಟ್ತಾ ಇದೀರಾ?"

"ಹೌದು," ಎಂದೆ. ಎತ್ತಿಕಟ್ಟಿದವಳು ನಾನಲ್ಲ. ಆದರೂ ಹೌದು ಎನ್ನುವುದರಲ್ಲಿ ಒಂದು ಸುಖವಿತ್ತು.

ಹಸುಗಳ ಫೋಟೋ ಊರಿನ ಹುಡುಗರ ಮೊಬೈಲಿನಿಂದ ಎಲ್ಲೆಲ್ಲೋ ಹೋಯಿತು. ಮೀಟಿಂಗಿನಲ್ಲಿದ್ದವರಿಗೆ ಮೀಟಿಂಗ್ ಮುಗಿಯಿತು. ಭಾನುವಾರ ಬಾಂಬ್ ನಿಷ್ಕ್ರಿಯ ಮಾಡುವವರು ಬಂದರು, ಊರನ್ನೆಲ್ಲ ಕೆಳಗಿನ ತೋಪಿಗೆ ಕಳಿಸಿದರು, ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಇಳಿಸಿದರು. ಅವರಲ್ಲಿ ಒಬ್ಬರು ಕೈ ತೊಳೆಯುತ್ತ ನನಗೆ ಹೇಳಿದರು, "ಕೆಲವು ಕಡ್ಡಿ ಒಳಗಿನ ಮದ್ದು ಜಿನುಗಿ ಬೆವರೋಕೆ ಶುರುವಾಗಿದ್ದವು ಮೇಡಂ. ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ಮುಟ್ಟೋದೂ ಕಷ್ಟ ಆಗ್ತಿತ್ತು."

ಇಲ್ಲಿಗೆ ಮುಗಿದಿದ್ದರೆ ನಾನು ಈ ಕಥೆಯನ್ನು ನಗುನಗುತ್ತ ಹೇಳುತ್ತಿದ್ದೆ.

ಇಲಾಖೆಯಲ್ಲಿ ವಿಚಾರಣೆ ಶುರುವಾಯಿತು. ಸಾಹೇಬರು ಬರೆದ ವರದಿಯ ಪ್ರಕಾರ, ಕಾವಲುಗಾರ ಸಿದ್ದೇಗೌಡ ಕ್ವಾರಿಯವರ ಜೊತೆ ಸೇರಿಕೊಂಡು, ಯಾರಿಗೂ ತಿಳಿಯದಂತೆ, ಕಳ್ಳತನದಿಂದ ಕೀಲಿ ಕೊಟ್ಟಿದ್ದ. ನನ್ನನ್ನು ಕರೆದು ಕೂರಿಸಿ, ತಿಂಡಿ ತರಿಸಿ, ನೀವೂ ಸಾಕ್ಷಿಯಾಗಿ ಸಹಿ ಹಾಕಿ ಎಂದರು.

"ಸರ್, ನೀವೇ ಫೋನ್ ಮಾಡಿದ್ರಿ."

"ಯಾರು ಹೇಳಿದ್ದು?"

"ಸಿದ್ದೇಗೌಡ್ರು ಹೇಳಿದ್ರು. ಆಮೇಲೆ ನೀವೇ ನನಗೆ ಹೇಳಿದ್ರಿ."

"ನಾನು ಹೇಳಿದ್ದು ತಮಾಷೆಗೆ. ನೋಡಿ, ಅವನಿಗೇನು, ಜಮೀನಿದೆ, ಹಸು ಇದೆ. ಹೊಟ್ಟೆಪಾಡಿಗೆ ಕಷ್ಟ ಇಲ್ಲ. ನಮ್ಮ ನಿಮ್ಮ ಸರ್ವಿಸು ಹಾಳಾಗೋದು ಬೇಡ."

ತಿಂಡಿಯ ತಟ್ಟೆಯನ್ನು ಅವರ ಕಡೆಗೆ ಸರಿಸಿ ಎದ್ದು ಬಂದೆ. ವಿಚಾರಣೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅದಕ್ಕೆ ಪುರಾವೆ ಇದೆಯೇ ಎಂದು ಕೇಳಿದರು. ನನ್ನ ಕಿವಿ ಎಂದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಸಿದ್ದೇಗೌಡರನ್ನು ತೆಗೆದರು. ದಿನಗೂಲಿಯವರನ್ನು ತೆಗೆಯಲು ನಾಳೆಯಿಂದ ಬರಬೇಡ ಎಂಬ ಒಂದು ಮಾತು ಸಾಕು. ನನ್ನನ್ನು ಬಯಲುಸೀಮೆಯ ಇನ್ನೊಂದು ಮೂಲೆಗೆ ವರ್ಗ ಮಾಡಿದರು. ಕ್ವಾರಿಯ ಯಜಮಾನನನ್ನು ಏನು ಮಾಡಿದರು ಎಂದು ಕೇಳಬೇಡಿ. ಕ್ವಾರಿಗೆ ಬೇರೆ ಹೆಸರು ಬಂತು, ಅಷ್ಟೆ.

ಹೋಗುವ ಮುಂಚೆ ಸಿದ್ದೇಗೌಡರ ಮನೆಗೆ ಹೋಗಿದ್ದೆ. ಅವರು ಜಗುಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಕೇಸು ಹಾಕೋಣ, ನಾನು ಬಂದು ಸಾಕ್ಷಿ ಹೇಳುತ್ತೇನೆ ಎಂದೆ. "ಬುಡಿ ಅಮ್ಮಾರೆ," ಎಂದರು. ಕೆಂಪಮ್ಮ ಬಾಗಿಲಲ್ಲಿ ನಿಂತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

"ನಿಮ್ಗೆ ಟ್ರಾನ್ಸ್‌ಫರ್ ಆಯ್ತು, ಓಯ್ತೀರ. ನಾವು ಎಲ್ಲಿಗೋಗಾನ? ಡೈರಿ ತಾವ ನಿಂತ್ರೆ ಬತ್ತವ್ನೆ ನೋಡ್ಲಾ ಕಳ್ಳ ಅಂತಾರೆ ಇವ್ರ್ನ. ಬಾಯ್ಬುಟ್ಟಿದ್ದು ನಾನು. ಅನುಭವ್ಸೋದು ಇವ್ರು."

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವರು ಕೈಗೆ ಸಿಗದಿದ್ದಾಗ, ಎದುರಿಗಿದ್ದವರ ಮೇಲೆ ಸಿಟ್ಟು ಹರಿಯುತ್ತದೆ. ನನಗೆ ಅದು ಗೊತ್ತಿತ್ತು. ಆದರೂ ಬಸ್ಸಿನಲ್ಲಿ ಸಾತನೂರು ಬರುವವರೆಗೆ ಅತ್ತೆ.

ಕೊನೆಗೆ ಕೇಸು ಹಾಕಿದರು. ಯಾವ ಮಾತಿಗೆ ಸಿದ್ದೇಗೌಡ ಮನಸ್ಸು ಬದಲಾಯಿಸಿದರೋ ಗೊತ್ತಿಲ್ಲ. ಪ್ರತಿ ವಾಯಿದೆಗೂ ನಾನು ರಜೆ ಹಾಕಿ ಬಂದೆ. ವಕೀಲರು ಬರುವುದಿಲ್ಲ, ಕಾಗದ ಬಂದಿಲ್ಲ, ಮುಂದಿನ ತಿಂಗಳು ಬನ್ನಿ. ಹೀಗೆ ವರ್ಷಗಳು ಉರುಳಿದವು. ಅಷ್ಟರಲ್ಲಿ ಸಾಹೇಬರು ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು. ಈಗ ಸಭೆಗಳಲ್ಲಿ ಪರಂಪರೆಯ ಬಗ್ಗೆ ಭಾಷಣ ಮಾಡುತ್ತಾರೆ, ಸುಣ್ಣದ ಗಾರೆಯ ಮಹತ್ವವನ್ನೂ ಹೇಳುತ್ತಾರೆ ಎಂದು ಕೇಳಿದ್ದೇನೆ. ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ತೀರ್ಪು ಬಂತು. ಸರಿಯಾಗಿ ನೋಟಿಸು ಕೊಡದೆ ತೆಗೆದದ್ದು ತಪ್ಪು, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ. ಅಷ್ಟೇ. ಕೀಲಿ ಕೊಡಿಸಿದವರು ಯಾರು ಎಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಸಿಹಿ ತೆಗೆದುಕೊಂಡು ಊರಿಗೆ ಹೋದೆ. ಸಿದ್ದೇಗೌಡರ ತಲೆ ಪೂರ್ತಿ ಬೆಳ್ಳಗಾಗಿತ್ತು. ಸಿಹಿಯ ಡಬ್ಬಿಯನ್ನು ತೆಗೆದುಕೊಂಡು, ತೆರೆಯದೆ ಜಗುಲಿಯ ಮೇಲಿಟ್ಟರು.

"ಕೆಲ್ಸ ಕೊಟ್ರು, ಸರಿ. ಕಳ್ಳ ಅಂತ ಬರ್ದಿದ್ರಲ್ಲ, ಅದ್ನ ತೆಗುದ್ರ?"

"ಇಲ್ಲ," ಎಂದೆ.

"ಅಂಗಾರೆ ನಿಮ್ ಬಾಯಲ್ಲಿ ಏಳ್ಬುಡಿ ಅಮ್ಮಾರೆ. ಕೋರ್ಟ್ನಾಗೆ ಬ್ಯಾಡ. ಊರ್ನಾಗೆ."

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು. ಗಂಡಸರು ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಸಿದ್ದೇಗೌಡ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕೆಂಪಮ್ಮ ಸ್ವಲ್ಪ ಹಿಂದೆ ಬಂದಳು. ಭಾಷಣ ನನಗೆ ಬರುವುದಿಲ್ಲ. ಕಟ್ಟೆಯ ಮೇಲೆ ನಿಂತು ಹೇಳಿದೆ. ಮದ್ದಿನ ಮನೆಯ ಕೀಲಿ ಕೊಡಲು ಹೇಳಿದವರು ನಮ್ಮ ಸಾಹೇಬರು. ಅದನ್ನು ನನ್ನ ಮುಂದೆ ಒಪ್ಪಿಕೊಂಡವರೂ ಅವರೇ. ಸಿದ್ದೇಗೌಡರು ಕಳ್ಳರಲ್ಲ. ಕಳ್ಳರು ಬೇರೆ, ಅವರು ಚೆನ್ನಾಗಿದ್ದಾರೆ.

ಆಮೇಲೆ ಸಾಲಿನಲ್ಲಿದ್ದ ಒಬ್ಬ ಹಿರಿಯರು ಮೆಲ್ಲಗೆ, "ನಮ್ಗೂ ಗೊತ್ತಿತ್ತು ಬುಡಿ ಮೇಡಮ್ಮಾರೆ," ಎಂದರು.

ಇಷ್ಟು ವರ್ಷ ಒಳಗೆ ಅದುಮಿಟ್ಟದ್ದೆಲ್ಲ ಆ ಒಂದು ಮಾತಿಗೆ ಉಕ್ಕಿ ಹೊರಗೆ ಬಂತು. "ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ? ದಿನಾ ಇದೇ ಸಾಲಲ್ಲಿ ಇವರ ಹಿಂದೆ ನಿಂತುಕೊಂಡು ಕಳ್ಳ ಅಂತ ನಕ್ರಲ್ಲ, ಗೊತ್ತಿದ್ದೇ ನಕ್ರಾ?" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಕೆಲವರು ಕ್ಯಾನಿನ ಮುಚ್ಚಳ ನೋಡಿದರು, ಕೆಲವರು ನೆಲ ನೋಡಿದರು.

ಅಷ್ಟರಲ್ಲಿ ಕೆರೆಯ ಕಡೆಯ ಮನೆಗಳವರು ನಾಲ್ಕಾರು ಜನ ಹಾಲು ಹೊತ್ತು ಅವಸರದಲ್ಲಿ ಬಂದು ಸಾಲು ಸೇರಿದರು. ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಸಿದ್ದೇಗೌಡ ನನ್ನ ಪಕ್ಕಕ್ಕೆ ಬಂದು ನಿಂತರು. ತಲೆ ಎತ್ತಿದ್ದರು.

"ಇನ್ನೊಂದ್ಸಲ ಏಳಿ ಅಮ್ಮಾರೆ," ಎಂದರು. "ಇವ್ರಿಗೆ ಕೇಳ್ಸಿಲ್ಲ."

ನಾನು ಮತ್ತೆ ಮೊದಲಿನಿಂದ ಹೇಳಿದೆ, ಇನ್ನೂ ಜೋರಾಗಿ.